ಮೊರದಲ್ಲಿದ್ದ ಗಂಟು

ನಮ್ಮ ಮನೆಯಲ್ಲಿ ಮೂರು ಕೋಣೆಗಳಿದ್ದವು. ಅದರಲ್ಲಿ ಒಂದು ನಮ್ಮದಲ್ಲ, ಹೆರುವವರದ್ದು. ಅಮ್ಮ ಸರ್ಕಾರಿ ನರ್ಸು. ಮಾಯಸಂದ್ರದಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆಯಬೇಕಾದ ಆ ಊರಿಗೆ ಅವಳನ್ನು ಹಾಕಿದಾಗ ಅಲ್ಲಿ ನರ್ಸಿಗೆಂದು ಕಟ್ಟಡವೇ ಇರಲಿಲ್ಲವಂತೆ. ತೋಟದವರೊಬ್ಬರು ತಮ್ಮ ಹಳೇ ಮನೆಯನ್ನು ಬಾಡಿಗೆಗೆ ಕೊಟ್ಟರು, ಅಟ್ಟವೊಂದನ್ನು ಬಿಟ್ಟು. ಅಟ್ಟದ ತುಂಬ ಅವರ ತೆಂಗಿನಕಾಯಿ. ಸುಲಿಯದ ಕಾಯಿಗಳು ವರ್ಷವಿಡೀ ಅಲ್ಲೇ ಬಿದ್ದುಕೊಂಡು, ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತಿದ್ದವು. ಇಲಿ ಓಡಾಡಿದರೆ ಒಂದು ಕಾಯಿ ಉರುಳಿ ಇನ್ನೊಂದಕ್ಕೆ ತಗುಲಿ ನಮ್ಮ ನೆತ್ತಿಯ ಮೇಲೆ ಗುಡುಗಿದಂತಾಗುತ್ತಿತ್ತು. ನಾನು ಆ ಸದ್ದು ಕೇಳುತ್ತಾ ಬೆಳೆದವಳು, ಅದರ ಜೊತೆಗೆ ಪಕ್ಕದ ಕೋಣೆಯ ನರಳಾಟವನ್ನೂ ಕೇಳುತ್ತಾ ಬೆಳೆದವಳು. ಬೇರೆ ಮಕ್ಕಳು ಹಸು ಕರು ಹಾಕುವುದನ್ನು ಕದ್ದು ನೋಡಲು ಓಡುತ್ತಿದ್ದರೆ ನನಗೆ ನಗು ಬರುತ್ತಿತ್ತು. ನಾನು ಒಂದು ಕಿವಿಯಲ್ಲಿ ಹೆರಿಗೆ ಕೇಳುತ್ತಾ ಮುದ್ದೆ ನುಂಗುತ್ತಿದ್ದ ಹುಡುಗಿ.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಿದ್ದ. ಹಾಗಾಗಿ ಮನೆಯೆಂದರೆ ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಇವರಿಬ್ಬರ ನಡುವೆ ನಾನು. ಹೆರುವವರ ಕೋಣೆಯಲ್ಲಿ ಒಂದು ಎತ್ತರದ ಮಂಚ, ಒಂದು ಮಣೆ, ಕುದಿಸಿದ ನೀರಿನ ಎರಡು ಪಾತ್ರೆ, ಕೆಂಪು ಸೋಪು. ಗೋಡೆಯ ಮೊಳೆಗೆ ಒಂದು ಮರದ ಕೊಳವೆ ತೂಗುತ್ತಿತ್ತು. ಅಮ್ಮ ಅದರ ಅಗಲದ ಬಾಯನ್ನು ಬಸುರಿಯ ಹೊಟ್ಟೆಗಿಟ್ಟು, ಇನ್ನೊಂದು ತುದಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ ಕೂಸಿನ ಎದೆಬಡಿತ ಎಣಿಸುತ್ತಿದ್ದಳು. ಆಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಅಮ್ಮನ ಕೆಲಸದಲ್ಲಿ ಗಡಿಬಿಡಿ ಇರಲೇ ಇಲ್ಲ. ನೋವು ಬಂದಾಗ ಸೊಂಟ ನೀವುವುದು, ನೋವು ಬಿಟ್ಟಾಗ ಎರಡು ಗುಟುಕು ಬಿಸಿ ಕಾಫಿ ಕುಡಿಸುವುದು, ನಡೆದಾಡಿಸುವುದು, ಕಾಯುವುದು. ಹೆಚ್ಚು ಪಾಲು ಕಾಯುವುದೇ. ಕಾಯಲಾರದವರು ಈ ಕೆಲಸಕ್ಕೆ ಬರಬಾರದು ಎನ್ನುತ್ತಿದ್ದಳು. ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನಾನು ಅವಳಿಂದ ಮೊದಲು ಕಲಿತದ್ದು ಅದನ್ನೇ, ಕೊನೆಗೆ ಕಲಿತದ್ದೂ ಅದನ್ನೇ.

ಅಜ್ಜಿಗೆ ಮಾತ್ರ ಕೈಕಟ್ಟಿ ಕಾಯುವುದು ಒಗ್ಗುತ್ತಿರಲಿಲ್ಲ. ಹೆರಿಗೆ ಸಲೀಸಾಗಬೇಕಾದರೆ ಮನೆಯಲ್ಲಿ ಕಟ್ಟಿದ್ದೆಲ್ಲ ಬಿಚ್ಚಬೇಕು, ಮುಚ್ಚಿದ್ದೆಲ್ಲ ತೆಗೆಯಬೇಕು ಎನ್ನುವುದು ಅವಳ ಶಾಸ್ತ್ರ. ಎಲ್ಲೋ ಒಂದು ಗಂಟು ಬಿಗಿದಿದ್ದರೆ ಒಳಗೆ ಕೂಸೂ ಬಿಗಿದುಕೊಳ್ಳುತ್ತದಂತೆ. ಅವಳಿಗೆ ಬಗ್ಗಿ ಏಳಲು ಮಂಡಿನೋವು, ಆದ್ದರಿಂದ ಈ ಇಲಾಖೆ ನನ್ನ ಪಾಲಿಗೆ ಬಂತು. ಗಾಡಿ ಬಂದು ಬಸುರಿ ಇಳಿದಳೆಂದರೆ ನಾನು ಶುರು. ಬಾಗಿಲು, ಕಿಟಕಿ, ಡಬ್ಬಗಳ ಮುಚ್ಚಳ, ಪೆಟ್ಟಿಗೆಯ ಬೀಗ. ರಾಗಿ ಮೂಟೆಯ ಹುರಿ, ಬಾವಿ ಹಗ್ಗ, ಬಟ್ಟೆ ಹರವುವ ತಂತಿ, ನನ್ನ ಎರಡು ಜಡೆ, ಬಂದವರೆಲ್ಲರ ತುರುಬು, ಅಜ್ಜಿಯ ಸೆರಗಿನ ತುದಿಯಲ್ಲಿನ ಎಲೆಅಡಿಕೆ ಗಂಟು. ಹಸುವಿನ ಹಗ್ಗವನ್ನೂ ಬಿಚ್ಚುತ್ತಿದ್ದೆ. ಊರಿನಲ್ಲಿ ನಮ್ಮ ಹಸು ಕಂಡವರ ತೋಟದಲ್ಲಿ ಮೇಯುತ್ತಿದೆ ಎಂದರೆ ನರ್ಸಮ್ಮನ ಮನೆಯಲ್ಲಿ ಹೆರಿಗೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಉಗುರು ಉದ್ದ ಬಿಟ್ಟು ಹರಿತ ಮಾಡಿಕೊಂಡಿದ್ದೆ. ನನ್ನ ಉಗುರಿಗೆ ಬಗ್ಗದ ಗಂಟಿಲ್ಲ ಎಂಬ ಜಂಬ ಬೇರೆ. ವಾರಕ್ಕೊಮ್ಮೆ ಅಮ್ಮ ಬ್ಲೇಡು ಹಿಡಿದು ಉಗುರು ತೆಗೆಯಲು ಕರೆದರೆ ಹಿತ್ತಲಿನ ಮರ ಹತ್ತಿ ಕೂರುತ್ತಿದ್ದೆ.

ಅಮ್ಮ ಇದಕ್ಕೆಲ್ಲ ಅಡ್ಡ ಬರುತ್ತಿರಲಿಲ್ಲ. ಮುದುಕಿಗೂ ಮಗುವಿಗೂ ಒಂದು ಕೆಲಸವಾಯಿತು, ನನ್ನ ಕಾಲಿಗೆ ಸಿಕ್ಕಿಕೊಳ್ಳುವುದಿಲ್ಲ ಎಂಬ ಲೆಕ್ಕ. ಆಗಾಗ ಅತ್ತೆಯನ್ನು ರೇಗಿಸುವುದೂ ಇತ್ತು. ಒಂದು ಸಲ ನನ್ನೆದುರೇ ಕೇಳಿದಳು:

"ಅಲ್ಲ ಅತ್ತೆ, ಊರಿನ ಗಂಟೆಲ್ಲ ಬಿಚ್ಚಿಸ್ತೀರ, ನಿಮ್ ಕೊರಳಲ್ಲಿರೋ ಲಿಂಗದ ದಾರಾನ ಮಾತ್ರ ಯಾಕೆ ಬಿಟ್ಟಿದೀರ?"

"ಅದು ಗಂಟಲ್ಲ ಕಣೇ, ಶಿವದಾರ! ಲಿಂಗದ್ದು ಬಿಚ್ಚಂಗಿಲ್ಲ, ತಾಳೀದು ಬಿಚ್ಚಂಗಿಲ್ಲ. ಮಿಕ್ಕಿದ್ದೆಲ್ಲ ಬಿಚ್ಚಬೇಕು. ಕೇಳಿಸ್ಕಂಡೇನೇ ಪುಟ್ಟಿ?"

ನಾನು ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ. ಬಿಚ್ಚಬಾರದ್ದು ಎರಡೇ ಎರಡು. ಮುಂದಿನ ಅನಾಹುತವೆಲ್ಲ ಆ ಎರಡೇ ಎರಡು ಎಂಬ ಪಟ್ಟಿಯಿಂದ ಆದದ್ದು.

ಶಾಂತಕ್ಕ ಬಂದದ್ದು ನಾನು ಒಂಬತ್ತೋ ಹತ್ತೋ ವರ್ಷದವಳಿದ್ದಾಗ, ಒಂದು ಬೆಳಗ್ಗೆ, ತಿಂಡಿ ಹೊತ್ತಿಗೆ. ಪಕ್ಕದ ಹಳ್ಳಿಯ ತೋಟದ ಮನೆಯ ಸೊಸೆ. ಎರಡು ಬಸುರು ಕಳೆದುಕೊಂಡು ಇದು ಮೂರನೆಯದು. ಗಂಡ ಗಾಡಿಯಿಂದ ಅವಳನ್ನು ಕೈಹಿಡಿದು ಇಳಿಸುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಅಮ್ಮ ಕೊಳವೆಯಿಟ್ಟು ಕೇಳಿ, ಆಮೇಲೆ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಅವಳ ಕೈಬೆರಳನ್ನು ಹಿಡಿದುಕೊಂಡು ಎದೆಬಡಿತದ ತಾಳಕ್ಕೆ ತಕ್ಕಂತೆ ಮಂಚದ ಪಟ್ಟಿಯ ಮೇಲೆ ಟಕಟಕ ಬಡಿಸಿದಳು.

"ಹಿಂಗೆ ಹೊಡ್ಕೊಳ್ತೈತೆ ನಿನ್ನ ಕೂಸು. ನೋಡು, ಎಷ್ಟು ಗಟ್ಟಿ! ಇನ್ನು ಹೆದರಬೇಡ."

ಶಾಂತಕ್ಕ ಮೊದಲ ಸಲ ಅತ್ತಳು. ನಾನು ಆ ಹೊತ್ತಿಗೆ ಬಾವಿ ಹಗ್ಗ ಮುಗಿಸಿ ರಾಗಿ ಮೂಟೆಗೆ ಬಂದಿದ್ದೆ. ಸ್ಕೂಲಿಗೆ ಚಕ್ಕರ್ ಹೊಡೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಎರಡು ಸಲ ಕೈತಪ್ಪಿ ಹೋದ ಮನೆ ಎಂದು ಅಜ್ಜಿ ಅಂದು ಹೆಚ್ಚು ಬಿಗಿಯಾಗಿದ್ದಳು. ಮಾಲೀಕರ ಮನೆಗೆ ಓಡಿಸಿ ಅಟ್ಟದ ಬೀಗದ ಕೈ ತರಿಸಿದಳು, ಶಾಂತಕ್ಕನ ಗಂಡನ ತಲೆಯ ಟವಲನ್ನೂ ಬಿಚ್ಚಿಸಿದಳು. ಆತ ಪಾಪ, ತಲೆಗೂದಲು ಕೆದರಿಕೊಂಡು ತೆಂಗಿನ ಮರದ ಬುಡದಲ್ಲಿ ಕೂತಿದ್ದ. ಹೆರುವವರ ಕೋಣೆಯ ಬಾಗಿಲನ್ನೂ ನಾನು ಹಾರುಹೊಡೆದೆ. ಅಮ್ಮ ಒಳಗಿನಿಂದ ಒಂದು ಸಲ ಒದ್ದು ಮುಚ್ಚಿದಳು, ಮತ್ತೆ ತೆಗೆದೆ. ನಡುಮನೆಯಲ್ಲಿ ಗಂಡಸರ್ಯಾರೂ ಇರಲಿಲ್ಲವಾದ್ದರಿಂದ ಅವಳು ಸುಮ್ಮನಾದಳು.

ಬಿಸಿಲು ನಡುಮನೆಯ ಹೊಸ್ತಿಲು ದಾಟುವ ಹೊತ್ತಿಗೆ "ಮುಕ್ಕವ್ವ, ಇನ್ನೊಂದ್ಸಲ ಮುಕ್ಕು" ಎಂಬ ಅಮ್ಮನ ದನಿ, ಅದರ ಬೆನ್ನಿಗೇ ಕೂಸಿನ ಅಳು. ಹೆಣ್ಣು. ಅಮ್ಮ ಕುದಿಸಿದ ದಾರದಿಂದ ಹೊಕ್ಕುಳಬಳ್ಳಿ ಕಟ್ಟಿ, ಕತ್ತರಿಸಿ, ಕೂಸನ್ನು ಒರೆಸಿ, ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಹೊರಗೆ ಕೊಟ್ಟಳು. ಅಜ್ಜಿ ಪದ್ಧತಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿದಳು. ಶಾಂತಕ್ಕನ ಗಂಡ ಹೊರಗಿನಿಂದಲೇ ಕೈಮುಗಿದ. ಎಲ್ಲರೂ ಗೆದ್ದೆವು ಅಂದುಕೊಂಡೆವು. ಆದರೆ ಮಾಸು ಬೀಳಲಿಲ್ಲ. ಕೂಸಿನ ಹಿಂದೆಯೇ ಬರಬೇಕಾದ ಅದು ಒಳಗೇ ಉಳಿದರೆ ತಾಯಿ ರಕ್ತ ಹೋಗಿ ಸಾಯಬಹುದು ಎಂಬುದು ನಮ್ಮ ಮನೆಯಲ್ಲಿ ನನಗೂ ಗೊತ್ತಿದ್ದ ಪಾಠ. ಅಮ್ಮ ಗಡಿಯಾರ ನೋಡಿದಳು.

"ಬಾಯಿಗೆ ಕೂದ್ಲು ತುರುಕು, ಓಕರಿಕೆ ಬಂದ್ರೆ ಬೀಳ್ತೈತೆ" ಎಂದಳು ಅಜ್ಜಿ ಬಾಗಿಲಿನಿಂದ.

"ಏನೂ ಬೇಡಿ ಅತ್ತೆ. ನಾನು ಎಳೆಯಲ್ಲ, ತುರುಕಲ್ಲ. ಇನ್ನೊಂದು ಚೂರು ಹೊತ್ತು ನೋಡಿ ಗಾಡಿ ಕಟ್ಟಿಸಿ ತುರುವೇಕೆರೆಗೆ ಕರ್ಕೊಂಡು ಹೋಗ್ತೀನಿ. ನೀವು ನೀರು ಕಾಯ್ಸಿ."

ಅಜ್ಜಿ ಒಲೆಯ ಕಡೆ ಹೊರಟವಳು ನನ್ನ ಮುಂದೆ ನಿಂತಳು. ಮುಖ ಸಣ್ಣಗಾಗಿತ್ತು.

"ಎಲ್ಲೋ ಒಂದು ಗಂಟು ಉಳ್ಕಂಡೈತೆ ಕಣೇ ಪುಟ್ಟಿ. ಸರಿಯಾಗಿ ನೋಡು. ತಾಯಿಲ್ಲದ ಕೂಸು ಮಾಡಬ್ಯಾಡ ಅದುನ್ನ."

ಎಷ್ಟು ಸಲೀಸಾಗಿ ಹೇಳಿದಳು! ಶಾಂತಕ್ಕನ ಪ್ರಾಣ ನನ್ನ ಉಗುರಿಗೆ ಬಂದು ನಿಂತಿತು. ನಾನು ಇಡೀ ಮನೆ ಸುತ್ತಿದೆ. ಪೊರಕೆಯ ಕಟ್ಟು ಕಂಡಿತು, ಬಿಚ್ಚಿದೆ, ಕಡ್ಡಿಗಳೆಲ್ಲ ಚೆಲ್ಲಿದವು. ನನ್ನ ಲಂಗದ ಲಾಡಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹುಡುಕಿದೆ. ಇನ್ನೇನೂ ಇರಲಿಲ್ಲ. ಸೋತು ಮೊರದ ಪಕ್ಕ ಕೂತೆ. ಕೂಸು ಕಾಲು ಒದ್ದು ಬಟ್ಟೆ ಸರಿಸಿಕೊಂಡಿತ್ತು. ಅಲ್ಲಿ, ಅದರ ಹೊಟ್ಟೆಯ ಮೇಲೆ, ನೀಲಿಬಿಳುಪಿನ ಬಳ್ಳಿಯ ತುಂಡಿಗೆ ಬಿಗಿದು ಕಟ್ಟಿದ ದಾರ. ಒಂದಲ್ಲ, ಎರಡು ಗಂಟು. ಲಿಂಗದ್ದಲ್ಲ, ತಾಳಿಯದ್ದಲ್ಲ. ಸಿಕ್ಕಿತಲ್ಲ ಎಂದು ನನಗೆ ಎಂಥ ಸಂತೋಷವಾಯಿತೆಂದರೆ, ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ತುದಿಯ ಗಂಟು ಹಲ್ಲು ಕಚ್ಚಿ ಬಿಚ್ಚಿದೆ. ಏನೂ ಆಗಲಿಲ್ಲ. ಎರಡನೆಯದಕ್ಕೆ ಉಗುರು ಹಾಕಿದೆ. ಬಳ್ಳಿ ಅಷ್ಟರಲ್ಲಿ ಚೂರು ಬಾಡಿ ದಾರ ಸಡಿಲವಾಗಿತ್ತೆಂದು ಕಾಣುತ್ತದೆ, ಅದೂ ಬಿಟ್ಟುಕೊಂಡಿತು. ದಾರ ಕೈಗೆ ಬಂತು, ಅದರ ಹಿಂದೆಯೇ ರಕ್ತ ಬಂತು. ಬಳ್ಳಿಯ ಬಾಯಲ್ಲಿ ಒಂದು ಕೆಂಪು ಗುಂಡು ಮೂಡಿ, ಒಡೆದು, ಸೀರೆಯ ತುಂಡಿಗೆ ಇಳಿಯಿತು. ಮತ್ತೊಂದು ಮೂಡಿತು. ನಾನು ಹೆಬ್ಬೆರಳು ತೋರುಬೆರಳಲ್ಲಿ ಬಳ್ಳಿಯನ್ನು ಗಪ್ಪನೆ ಹಿಚುಕಿ ಹಿಡಿದೆ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಬೆರಳೇ ಹಾಗೆ ಮಾಡಿತು. ಆಮೇಲೆ "ಅಮ್ಮಾ" ಎಂದು ಕಿರುಚಿದೆ.

ತೆರೆದ ಬಾಗಿಲಿನಿಂದ ಅಮ್ಮ ತಿರುಗಿ ನೋಡಿದಳು. ಅವಳ ಒಂದು ಕೈ ಶಾಂತಕ್ಕನ ಹೊಟ್ಟೆಯ ಮೇಲೆ, ಇನ್ನೊಂದು ಕೈ ಕೆಳಗೆ. ಸರಿಯಾಗಿ ಆ ಹೊತ್ತಿಗೇ ಮಾಸು ಜಾರತೊಡಗಿತ್ತು. ಬಿಟ್ಟು ಬರುವಂತಿರಲಿಲ್ಲ. ಅವಳು ನನ್ನ ಕೈ ನೋಡಿದಳು, ಮೊರ ನೋಡಿದಳು, ನೆಲದ ಮೇಲಿದ್ದ ದಾರ ನೋಡಿದಳು. ಎಲ್ಲ ಅರ್ಥವಾಯಿತು. ದನಿ ಏರಿಸಲೇ ಇಲ್ಲ.

"ಹಂಗೇ ಹಿಡ್ಕೋ. ನಾನು ಬರೋವರ್ಗೂ ಬಿಡಬೇಡ. ಬೆರಳು ಸೋತ್ರೂ ಬಿಡಬೇಡ."

ಒಲೆಮನೆಯಿಂದ ಓಡಿ ಬಂದ ಅಜ್ಜಿ "ಶಿವಶಿವಾ, ಏನ್ ಮಾಡ್ಬುಟ್ಟೆ ಮುಂಡೇದೇ" ಎಂದು ಕೂಸಿಗೆ ಕೈಹಾಕಲು ಬಗ್ಗಿದಳು.

"ಅತ್ತೆ, ಮುಟ್ಟಬೇಡಿ! ಅವಳು ಹಿಡ್ಕೊಂಡವಳೆ, ಹಿಡ್ಕೊಂಡಿರ್ಲಿ."

ನಾನು ಹಿಡಿದುಕೊಂಡೆ. ಬಳ್ಳಿ ಎಳನೀರಿನ ಗಂಜಿಯಂತೆ ಜಾರುತ್ತಿತ್ತು. ಗಟ್ಟಿ ಹಿಡಿದರೆ ಕಿತ್ತು ಬರುತ್ತದೇನೋ, ಸಡಿಲ ಬಿಟ್ಟರೆ ಹೋಗೇ ಬಿಡುತ್ತದೇನೋ. ಬೆರಳ ನಡುವೆ ಏನೋ ಮಿಡಿದಂತೆ ಅನ್ನಿಸುತ್ತಿತ್ತು, ಅದು ಅದರದ್ದೋ ನನ್ನದೋ ತಿಳಿಯುತ್ತಿರಲಿಲ್ಲ. ತಲೆಯ ಮೇಲೆ ಅಟ್ಟದಲ್ಲಿ ಒಂದು ಕಾಯಿ ಉರುಳಿತು, ನಾನು ಬೆಚ್ಚಿದೆ, ಬೆರಳು ಬಿಡಲಿಲ್ಲ. ಕೂಸು ಅಳು ನಿಲ್ಲಿಸಿ ಕಣ್ಣು ತೆರೆಯಿತು. ಹುಟ್ಟಿದ ಕೂಸಿಗೆ ಕಣ್ಣು ಕಾಣುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಮಾತ್ರ ಅದು ನನ್ನನ್ನೇ ನೋಡಿ ಗುರುತಿಟ್ಟುಕೊಳ್ಳುತ್ತಿದೆ ಅನ್ನಿಸಿತು. ಲಾಡಿ ಬಿಚ್ಚಿದ ಲಂಗ ಜಾರಿ ಮೊಣಕಾಲಿನ ಸುತ್ತ ಬಿದ್ದಿತ್ತು. ಮೂಗು ಸುರಿಯುತ್ತಿತ್ತು. ಒರೆಸಿಕೊಳ್ಳಲು ಇನ್ನೊಂದು ಕೈ ಖಾಲಿಯಿದೆ ಎಂಬುದೂ ಹೊಳೆಯಲಿಲ್ಲ. ಎಷ್ಟು ಹೊತ್ತೋ, ಹತ್ತು ನಿಮಿಷಕ್ಕಿಂತ ಹೆಚ್ಚಿರಲಾರದು. ನನ್ನ ಬಾಳಿನಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಮತ್ತೆ ಬಂದಿಲ್ಲ.

ಅಮ್ಮ ಬಂದಳು. ಕೈ ತೊಳೆದು ಬಂದಳು, ಅಂಥ ಹೊತ್ತಿನಲ್ಲೂ ಸೋಪು ಹಾಕಿ ತೊಳೆದು ಬಂದಳು. ಕುದಿಸಿದ ಹೊಸ ದಾರದಲ್ಲಿ ನನ್ನ ಬೆರಳಿನ ಕೆಳಗೆ ಒಂದು ಗಂಟು, ಅದರ ಪಕ್ಕ ಇನ್ನೊಂದು. "ಈಗ ಬಿಡು" ಎಂದಳು. ನನ್ನ ಬೆರಳು ಬಿಡಿಸಿಕೊಳ್ಳಲಿಲ್ಲ, ಅವಳೇ ಒಂದೊಂದಾಗಿ ಬಿಡಿಸಿದಳು. ಬಳ್ಳಿಯ ತುದಿಯನ್ನು ನೋಡುತ್ತಾ ಇಬ್ಬರೂ ಕೂತೆವು. ಒಣಗಿಯೇ ಇತ್ತು. ಕೂಸಿನ ತುಟಿ, ಅಂಗಾಲು ನೋಡಿದಳು. ಕೆಂಪಗಿದ್ದವು. ಎತ್ತಿಕೊಂಡು ಹೋಗಿ ಶಾಂತಕ್ಕನ ಎದೆಗೆ ಹಾಕಿದಳು. ಒಳಗಿನಿಂದ ಚಪ್ಪರಿಸುವ ಸದ್ದು ಬಂದಾಗ ನನಗೆ ಅಳು ಬಂತು. ಗೋಳೋ ಎಂದು ಅತ್ತೆ. ಅದು ಹೆದರಿಕೆಯ ಅಳುವಲ್ಲ. ಬದುಕಿತಲ್ಲ ಎನ್ನುವ ಅಳು, ಅದರಷ್ಟು ಹಗುರಾದ ಅಳು ನಾನು ಬೇರೆ ಅತ್ತಿಲ್ಲ.

ಬೆನ್ನಿಗೆ ಗುದ್ದು ಬೀಳುತ್ತದೆಂದು ಕಾದೆ. ಅಮ್ಮ ಬ್ಲೇಡು ತಂದು, ಎದುರಿಗೆ ಕೂತು, ನನ್ನ ಹತ್ತು ಉಗುರನ್ನೂ ಬುಡಮಟ್ಟ ತೆಗೆದಳು. ಒಂದು ಮಾತಿಲ್ಲ. ಸಂಜೆ ಬಾಣಂತಿಗೆ ಮಾಡಿದ ಮೆಣಸಿನ ಸಾರನ್ನವನ್ನು ತುಪ್ಪ ಹಾಕಿ ನನಗೂ ಇಟ್ಟಳು.

ಮಾತು ನಡೆದದ್ದು ಅಮ್ಮನಿಗೂ ಅಜ್ಜಿಗೂ. ನಡೆಯಿತು ಎನ್ನುವುದಕ್ಕಿಂತ ನಿಂತಿತು ಎನ್ನಬೇಕು. ಮೂರು ದಿನ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. "ನಿಮ್ಮಜ್ಜಿಗೆ ಹೇಳು, ಸಾರಿಗೆ ಉಪ್ಪಿಲ್ಲ." "ನಿಮ್ಮವ್ವಂಗೆ ಹೇಳು, ಉಪ್ಪಿನ ಮರಿಗೆ ಎದ್ರಿಗೇ ಐತೆ." ಈ ಕೋಪದಲ್ಲೂ ಅಜ್ಜಿ ಊರಲ್ಲೆಲ್ಲ ಬೇರೆ ಕತೆ ಹೇಳಿಕೊಂಡು ಬಂದಿದ್ದಳು. ನನ್ನ ಮೊಮ್ಮಗಳು ಕೊನೇ ಗಂಟು ಬಿಚ್ಚಿದ ಗಳಿಗೆಗೇ ಮಾಸು ಬಿತ್ತು, ಶಾಂತಕ್ಕನ ಜೀವ ಉಳಿಯಿತು! ಆ ಗಂಟು ಎಲ್ಲಿತ್ತು ಎಂಬುದನ್ನು ಮಾತ್ರ ನುಂಗಿಬಿಟ್ಟಿದ್ದಳು. ಅವಳು ಬೇಕೆಂದು ಸುಳ್ಳು ಹೇಳಿದಳು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಗಂಟು ಬಿಚ್ಚಿತು, ಮಾಸು ಬಿತ್ತು, ಅವಳು ಕಣ್ಣಾರೆ ಕಂಡಿದ್ದಳು. ನಾಲ್ಕನೆಯ ದಿನ ಅಮ್ಮ ನೇರವಾಗಿ ಬಾಯಿಬಿಟ್ಟಳು.

"ಅತ್ತೆ, ಹೊಸ್ತಿಲಿಂದ ಆಚೆ ಇರೋ ಗಂಟೆಲ್ಲ ನಿಮ್ದು. ಹೊಸ್ತಿಲಿಂದ ಈಚೆ ನಂದು. ಆಗ್ಬೋದಾ?"

"ಹಸಾ ಯಾರ ಕಡೀಕೆ?"

"ಹಸಾನೂ ನಿಮ್ದೇ."

"ಹಂಗಾರೆ ಆಯ್ತು ಬುಡು."

ನಾನು ಹೊಗಳಿಕೆಯಲ್ಲಿ ಬೆಂದುಹೋದೆ. ಅಂಗಡಿಗೆ ಹೋದರೆ "ಗಂಟು ಬಿಚ್ಚೋ ನರ್ಸಮ್ಮನ ಮಗಳು" ಎಂದು ಒಂದು ಪೆಪ್ಪರಮೆಂಟು ಹೆಚ್ಚಿಗೆ ಸಿಗುತ್ತಿತ್ತು. ತಿಂಗಳು ತುಂಬಿದ ಮೇಲೆ ಶಾಂತಕ್ಕ ಕೂಸನ್ನೆತ್ತಿಕೊಂಡು ಬಂದು, ಒಂದು ಚೀಲ ಹೊಸ ಕೊಬ್ಬರಿ ಇಟ್ಟು, ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ಅಂದಿನಿಂದ ವರ್ಷ ವರ್ಷವೂ ಅವರ ಅಟ್ಟದಿಂದ ಇಳಿದ ಮೊದಲ ಕೊಬ್ಬರಿಯಲ್ಲಿ ಒಂದಷ್ಟು ನನ್ನ ಹೆಸರಿಗೆ. ಕಳ್ಳಿಗೆ ಕಾಣಿಕೆ ಕೊಟ್ಟ ಹಾಗೆ. ಅಜ್ಜಿ ಬೆಲ್ಲದ ಜೊತೆ ಕಡಿಯುತ್ತಿದ್ದಳು, ನನಗೆ ಒಂದು ಚೂರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಅಮ್ಮನನ್ನು ಕೇಳಿದೆ, ಶಾಂತಕ್ಕನಿಗೆ ನಿಜ ಹೇಳಿಬಿಡಲೇ ಎಂದು.

"ನಾನು ಹೇಳಲ್ಲ. ಹೇಳ್ಬೇಕು ಅನ್ನಿಸಿದ ದಿನ ನೀನೇ ಹೇಳು" ಎಂದಳು. ಆಮೇಲೆ, "ಬಾ ಇಲ್ಲಿ, ಬಿಚ್ಚೋದು ಬರುತ್ತೆ ನಿಂಗೆ. ಕಟ್ಟೋದು ಕಲಿ" ಎಂದು ದಂಟಿನ ಸೊಪ್ಪಿನ ಕಟ್ಟು ಮುಂದಿಟ್ಟಳು.

ದಂಟಿನ ಕಡ್ಡಿಗೆ ದಾರ ಕಟ್ಟಬೇಕು. ಸಡಿಲವಾದರೆ ಎಳೆದಾಗ ದಾರ ಜಾರುತ್ತದೆ, ಬಿಗಿ ಹೆಚ್ಚಾದರೆ ದಂಟು ತುಂಡಾಗುತ್ತದೆ. ಹೊಕ್ಕುಳಬಳ್ಳಿಯದ್ದೂ ಅದೇ ಗುಣವಂತೆ, ಬಿಗಿ ಮೀರಿದರೆ ದಾರವೇ ಕೊಯ್ದುಬಿಡುತ್ತದೆ. ಅಮ್ಮ ಕಡ್ಡಿಗೆ ಎಣ್ಣೆ ಸವರಿ ಕಟ್ಟಿಸುತ್ತಿದ್ದಳು, ಕಣ್ಣು ಮುಚ್ಚಿಸಿ ಕಟ್ಟಿಸುತ್ತಿದ್ದಳು. ನಾನು ತುಂಡು ಮಾಡಿದ್ದೆಲ್ಲ ಸಂಜೆ ಹುಳಿಗೆ ಬೀಳುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ತಿಂದಷ್ಟು ದಂಟಿನ ಹುಳಿಯನ್ನು ಇಡೀ ತಾಲ್ಲೂಕಿನಲ್ಲಿ ಯಾರೂ ತಿಂದಿರಲಾರರು. ಭಾನುವಾರ ಬಂದ ಅಪ್ಪ, "ಇವತ್ತೂನಾ?" ಎಂದು ತಟ್ಟೆಯ ಮುಂದೆ ಹಣೆ ಚಚ್ಚಿಕೊಳ್ಳುತ್ತಿದ್ದ. ನರ್ಸಿಂಗ್ ಓದಲು ಹೋದಾಗ ನನಗೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಈಗ ದಾರವೇ ಇಲ್ಲ, ಪ್ಲಾಸ್ಟಿಕ್ ಕ್ಲಿಪ್ಪು ಬಂದಿದೆ, ಟಕ್ ಎಂದರೆ ಮುಗಿಯಿತು. ಆದರೂ ಕ್ಲಿಪ್ಪು ಹಾಕಿದ ಮೇಲೆ ಪ್ರತಿ ಕೂಸಿನ ಬಳ್ಳಿಯನ್ನೂ ಒಂದು ಗಳಿಗೆ ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದೆ. ಜೊತೆಯ ಹುಡುಗಿಯರು ಸಿಸ್ಟರ್‌ಗೆ ಅದೊಂದು ಹುಚ್ಚು ಎಂದು ನಗುತ್ತಿದ್ದರು.

ಅಜ್ಜಿ ಹೋದಳು, ಅಮ್ಮನೂ ಹೋದಳು. ಕೊಬ್ಬರಿ ಮಾತ್ರ ಬರುತ್ತಲೇ ಇತ್ತು. ನಾನು ನಿವೃತ್ತಳಾದ ವರ್ಷ ಶಾಂತಕ್ಕ ತಾನೇ ತಿಪಟೂರಿನ ನನ್ನ ಮನೆಗೆ ಬಂದಳು. ಜೊತೆಗೆ ಮೊರದ ಕೂಸು ಮಂಜುಳ. ಅವಳಿಗೇ ಈಗ ಕಾಲೇಜು ಓದುವ ಮಗಳಿದ್ದಾಳೆ. ಮಂಜುಳಳೇ ಸ್ಕೂಟರ್ ಓಡಿಸಿಕೊಂಡು ತಾಯಿಯನ್ನು ಕರೆತಂದಿದ್ದಳು. ಅವಳು ಹಣ್ಣು ತರಲು ಪೇಟೆಗೆ ಹೋದಾಗ ಉಳಿದವರು ನಾವಿಬ್ಬರೇ. ಮುದುಕಿ ಚೀಲದಿಂದ ಕೊಬ್ಬರಿ ತೆಗೆದು ತಟ್ಟೆಗಿಡುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಕೊನೇ ಗಂಟು ಎಲ್ಲಿತ್ತು, ನಾನು ಏನು ಮಾಡಿದೆ, ಈ ಕೊಬ್ಬರಿಯನ್ನು ಇಷ್ಟು ವರ್ಷ ನಾನು ತಿಂದೇ ಇಲ್ಲ, ಎಲ್ಲ. ಅವಳು ಕೊಬ್ಬರಿ ಇಡುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತು ಕಣವ್ವ."

"ಗೊತ್ತಾ? ಯಾರು ಹೇಳಿದ್ರು ಶಾಂತಕ್ಕ? ಅಮ್ಮನಾ?"

"ಯಾರ್ ಯಾಕೆ ಹೇಳ್ಬೇಕು? ಬಾಗ್ಲು ತಗ್ದಿದ್ದೋಳು ನೀನೇ ಅಲ್ವಾ? ಮಂಚದ ಮ್ಯಾಲಿಂದ ಎಲ್ಲ ಕಾಣ್ತಿತ್ತು. ನೀನು ಹಲ್ಲು ಕಚ್ಕಂಡು ಬಿಚ್ತಿದ್ದೆ. ಕೂಗೋಣ ಅಂದ್ರೆ ನಂಗೆ ಬಾಯೇ ಬರ್ಲಿಲ್ಲ."

ಅಷ್ಟು ವರ್ಷ, ಅಷ್ಟು ಕೊಬ್ಬರಿ!

"ಮತ್ತೆ ಯಾಕಕ್ಕ ವರ್ಷ ವರ್ಷ ಇದುನ್ನ ತಂದುಕೊಟ್ರಿ?"

ಶಾಂತಕ್ಕ ನನ್ನ ಬಲಗೈ ಎಳೆದುಕೊಂಡು ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ತನ್ನ ಅಂಗೈಯಲ್ಲಿ ಮುಚ್ಚಿದಳು.

"ಬಿಚ್ಚಿದ್ದೂ ನೋಡ್ದೆ, ಹಿಡ್ಕಂಡಿದ್ದೂ ನೋಡ್ದೆ. ಹಿಡ್ಕಂಡಿದ್ದೇ ಜಾಸ್ತಿ ಹೊತ್ತು ಕಣವ್ವ."

ಮಂಜುಳ ಹಣ್ಣು ಹಿಡಿದು ಒಳಗೆ ಬರುವ ಹೊತ್ತಿಗೆ ನಾನು ಒಂದು ಅಚ್ಚು ಬೆಲ್ಲ ಒಡೆದಿಟ್ಟುಕೊಂಡು, ಅರ್ಧ ಕೊಬ್ಬರಿ ತಿಂದು ಮುಗಿಸಿದ್ದೆ.